ಹೆಸರು ಹಿಡಿದು

ಮದುವೆಯಾದ ಹೊಸತು. ಅರಸೀಕೆರೆಯಲ್ಲಿ ನೀರು ಹಿಡಿಯಲು ಇಳಿದ ಗಂಡ, ರೈಲು ಹೊರಟರೂ ಹರಟೆ ಹೊಡೆಯುತ್ತ ನಿಂತಿದ್ದ. ಎಷ್ಟು "ರೀ" ಎಂದರೂ ಕೇಳಿಸದಾಗ ವಿಮಲಮ್ಮ ಕಿಟಕಿಯಿಂದ "ಕೇಶವಮೂರ್ತೀ!" ಎಂದು ಕೂಗಿಬಿಟ್ಟಳು. ಓಡಿಬಂದು ಹತ್ತಿದವನು ಬೋಗಿಯವರೆಲ್ಲರೆದುರು ಅವಳ ಕೆನ್ನೆಗೆ ಬಿಗಿದ.

"ಗಂಡನ ಹೆಸರು ಹಿಡಿದು ಕೂಗ್ತೀಯೇನೇ? ಇನ್ನೊಂದ್ಸಲ ಬಾಯಲ್ಲಿ ಬರಲಿ, ಹಲ್ಲು ಉದುರಿಸ್ತೀನಿ."

ಮತ್ತೆ ನಲವತ್ತೊಂದು ವರ್ಷ ಬರಲಿಲ್ಲ.

ಈಗ ಅವನಿಗೆ ಮರೆವಿನ ಕಾಯಿಲೆ. ಯಾರಾದರೂ ಹೆಸರು ಹಿಡಿದು ಕರೆದರಷ್ಟೇ ತಿರುಗಿ ನೋಡುತ್ತಾನೆ. ಆದರೂ ಅಮೆರಿಕ ನೋಡಲೇಬೇಕೆಂಬ ಹಟ. ನ್ಯೂಯಾರ್ಕಿನಲ್ಲಿ ನಾಲ್ಕು ದಿನವೂ ಅವಳು ಅವನ ಸ್ವೆಟರಿನ ತೋಳು ಹಿಡಿದೇ ಸುತ್ತಿದಳು.

"ಬಿಡೇ ಶನಿ, ನಾನೇನು ಕೂಸಾ?" ಎಂದು ಅವನು ನಡುಬೀದಿಯಲ್ಲಿ ಕೊಡವಿಕೊಂಡಾಗಲೆಲ್ಲ ಮತ್ತೆ ಹಿಡಿದಳು.

ಅಲ್ಲಿಂದ ಹತ್ತಿದ ರೈಲು ಮರುದಿನ ಬೆಳಿಗ್ಗೆ ಶಿಕಾಗೋ ತಲುಪಿತು. ಪೆಟ್ಟಿಗೆ ಇಳಿಸಲು ಅವಳು ತೋಳು ಬಿಟ್ಟು ತಿರುಗುವಷ್ಟರಲ್ಲಿ ಅವನು ಎದುರಿನ ಪ್ಲಾಟ್‌ಫಾರ್ಮಿಗೆ ಹೋಗಿ, ಹೊರಟು ನಿಂತ ಬೇರೊಂದು ರೈಲಿನ ಮೆಟ್ಟಿಲು ಹತ್ತುತ್ತಿದ್ದ. ಪಾಸ್‌ಪೋರ್ಟು, ಫೋನು ಎಲ್ಲ ಇವಳ ಚೀಲದಲ್ಲಿದ್ದವು.

ದಾರಿಯಲ್ಲಿ ಪರಿಚಯವಾಗಿದ್ದ ಧಾರವಾಡದ ಹುಡುಗಿ "ಅಜ್ಜಾರ! ಅಜ್ಜಾರ!" ಎಂದು ಚೀರಿದಳು. ಅವನು ತಿರುಗಲಿಲ್ಲ.

"ಅಜ್ಜೀ, ಬಾಗಲಾ ಹಾಕಾಕತ್ತಾರ್ರೀ! ನೀವರ ಅವರ ಹೆಸರು ಹಿಡದು ಒದರ್ರೀ!"

ವಿಮಲಮ್ಮ ಸೆರಗು ಸರಿಮಾಡಿಕೊಂಡಳು.

"ಗಂಡನ ಹೆಸರು ಹಿಡಿದು ಕೂಗೋದುಂಟೇನಮ್ಮಾ?"