ಟೇಪಿನ ತುದಿ

"ಟೇಪು ಜೋತುಬಿದ್ದಿದೆ ಸಾರ್, ಎಳೆದು ಹಿಡೀರಿ!" ಎಂದು ಕೂಗುತ್ತ ಮೇಸ್ತ್ರಿ ಅಂಗಳದ ಮಂಚದಿಂದ ಎದ್ದೇಬಿಟ್ಟ. ಸೊಸೆ ತಡೆಯಲು ಓಡಿಬರುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಅಂಗಳಕ್ಕೆ ತಾಗಿದ ಹೊಲದಲ್ಲಿ ಮಾವನಿಗೊಂದು ಕೋಣೆ ಕಟ್ಟಲು ಪರವಾನಗಿ ಸಿಗಬೇಕಾದರೆ, ಅವನಿಗೆ ಆರೈಕೆ ಬೇಕೆಂಬುದು ಜಾಗ ಅಳೆಯಲು ಬಂದಿದ್ದ ಅಧಿಕಾರಿಗೆ ಮನವರಿಕೆಯಾಗಬೇಕು. "ಅವರು ಹೋಗೋವರೆಗೂ ಮಲಗಿರಿ ಮಾವ" ಎಂದು ಬೆಳಗಿನಿಂದ ಹತ್ತು ಸಲ ಹೇಳಿದ್ದಳು. ಆದರೆ ನಲವತ್ತು ವರ್ಷ ಗೋಡೆ ಕಟ್ಟಿದವನ ಕಣ್ಣಿಗೆ ಸೊಟ್ಟ ಅಳತೆ ಬಿದ್ದರೆ ಮುಗಿಯಿತು.

ಊರುಗೋಲನ್ನೂ ಮರೆತು ಹೋದವನು, ಟೇಪಿನ ತುದಿ ಹಿಡಿದಿದ್ದ ಮಗನನ್ನು ಪಕ್ಕಕ್ಕೆ ತಳ್ಳಿ, ಗೂಟದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತ. "ಈಗ ನೋಡಿ. ಹನ್ನೆರಡಡಿ ಮೂರಿಂಚು. ನೀವು ಹನ್ನೆರಡೂವರೆ ಬರ್ಕೊಂಡಿದ್ರಿ."

ಅಧಿಕಾರಿ ಕನ್ನಡಕದ ಮೇಲಿಂದ ಸೊಸೆಯನ್ನು ನೋಡಿದ. "ನಿಮ್ಮ ಮಾವ ನನಗಿಂತ ಗಟ್ಟಿಯಾಗಿದ್ದಾರಲ್ಲಮ್ಮಾ." ಫಾರಮಿನಲ್ಲಿ 'ಆರೈಕೆಗೆ ಎಷ್ಟು ಜನ ಬೇಕು' ಎಂಬಲ್ಲಿ ಸೊನ್ನೆ ಸುತ್ತಿ, "ಬರ್ತೀನಿ ಯಜಮಾನ್ರೇ, ಟೇಪು ಬಿಡಿ" ಎಂದ.

ಮೇಸ್ತ್ರಿ ಬಿಡಲೂ ಇಲ್ಲ, ಏಳಲೂ ಇಲ್ಲ. "ಕೂರೋದೇನೋ ಕೂತ್ಬಿಟ್ಟೆ ಸಾರ್," ಎಂದ ಸಣ್ಣ ದನಿಯಲ್ಲಿ. "ಏಳೋದು ನನ್ನ ಕೈಲಾಗಲ್ಲ." ಸೊಸೆ ಒಂದು ರಟ್ಟೆ ಹಿಡಿದಳು, ಮಗ ಇನ್ನೊಂದು. ಸಾಲಲಿಲ್ಲ. ಕೊನೆಗೆ ಅಧಿಕಾರಿಯೇ ಫೈಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹಿಂದಿನಿಂದ ಸೊಂಟ ತಬ್ಬಿ ಎತ್ತಿದ. ಮೂರನೆಯ ಸಲಕ್ಕೆ ಮೇಸ್ತ್ರಿ ಮೇಲೆದ್ದು, ಮೂವರ ಮೇಲೂ ಭಾರ ಹಾಕಿ ಮಂಚ ಸೇರಿದ.

ಏದುಸಿರು ಬಿಡುತ್ತ ಅಧಿಕಾರಿ ಸೊನ್ನೆಯನ್ನು ಹೊಡೆದುಹಾಕಿ 'ಮೂರು' ಎಂದು ಬರೆದ.

"ನಾಲ್ಕು ಮಾಡಿ ಸಾರ್," ಎಂದ ಮೇಸ್ತ್ರಿ. "ಟೇಪು ನೆಟ್ಟಗೆ ಹಿಡಿಯೋರು ಒಬ್ರು ಬೇಕು."