ಮೂರನೆಯ ಗುಂಡಿ

ರಟ್ಟಿನ ಪೆಟ್ಟಿಗೆ ತಯಾರಿಸುವ ಆ ಕಾರ್ಖಾನೆಯ ಇತಿಹಾಸವನ್ನು ಮುಂದೆ ಯಾರಾದರೂ ಪುಣ್ಯಾತ್ಮರು ಬರೆಯಲು ಕೂತರೆ, ಅದನ್ನು ಎರಡು ಯುಗಗಳಾಗಿ ಭಾಗ ಮಾಡದೆ ಗತ್ಯಂತರವಿಲ್ಲ. ಮೊಬೈಲಿನ ಪರದೆಯ ಮೇಲೆ ‘ನೋಡೋಣ’ ಎಂಬ ಗುಂಡಿ ಇರಬೇಕೋ ಬೇಡವೋ ಎಂಬ ಪ್ರಶ್ನೆ ಏಳುವುದಕ್ಕೆ ಮುಂಚಿನದು ಒಂದು. ಎದ್ದ ಮೇಲಿನದು ಇನ್ನೊಂದು.

ಪ್ರಶ್ನೆ ಎತ್ತಿದವನು ಯಜಮಾನನೇ. ಬಿಲ್ಲು ಕಳಿಸುವುದು, ಅಂಟು ತರಿಸುವುದು, ರಜೆ ಮಂಜೂರು ಮಾಡುವುದು ಎಂಬ ಆಫೀಸಿನ ನಿತ್ಯದ ಗಾಣವನ್ನು ಇನ್ನು ಮೇಲೆ ಕಂಪ್ಯೂಟರೇ ತಿರುಗಿಸುವಂತೆ ಮಾಡಿಕೊಡಲು ಒಬ್ಬ ಹುಡುಗಿ ಬಂದಿದ್ದಳು. ಯಾರು ಏನು ಕೇಳಿದರೂ ಅದು ನೇರ ಅವನ ಮೊಬೈಲಿಗೇ ಬರುತ್ತದೆ, ಅವನು ಒತ್ತಿದರೆ ಮುಗಿಯಿತು, ಮಿಕ್ಕದ್ದೆಲ್ಲ ತಾನಾಗಿ ನಡೆಯುತ್ತದೆ ಎಂದು ತೋರಿಸಿದಳು. ಪರದೆಯ ಕೆಳಗಡೆ ಎರಡು ಗುಂಡಿಗಳಿದ್ದವು: ‘ಹೌದು’, ‘ಇಲ್ಲ’.

“ಇನ್ನೊಂದೆಲ್ಲಮ್ಮ?” ಎಂದ ಯಜಮಾನ.

“ಇನ್ಯಾವುದು ಸರ್?”

“ನೋಡೋಣ ಅನ್ನೋದು.”

“ನೋಡೋಣ ಅಂದ್ರೆ... ಹೌದಾ ಸರ್, ಇಲ್ವಾ?”

“ಅದು ಗೊತ್ತಿದ್ರೆ ನೋಡೋಣ ಅಂತ ಯಾಕಮ್ಮ ಅಂತಿದ್ದೆ?”

ಹುಡುಗಿ ದಿಕ್ಕು ತೋಚದೆ ಪಕ್ಕದ ಮೇಜಿನತ್ತ ತಿರುಗಿದಳು. ಅಲ್ಲಿದ್ದವರು ಯಜಮಾನನ ಅತ್ತಿಗೆ. ಹಿಂದೊಮ್ಮೆ ಗುಮಾಸ್ತನೊಬ್ಬ ಹೇಳದೆ ಕೇಳದೆ ಕೈಕೊಟ್ಟಾಗ ‘ನಾಲ್ಕು ದಿನದ ಮಟ್ಟಿಗೆ’ ಎಂದು ಬಂದು ಕೂತವರು, ಆ ನಾಲ್ಕು ದಿನದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡಿದ್ದರು. ಅವರು ಮಾಡುತ್ತಿದ್ದ ನೂರೆಂಟು ಕೆಲಸಗಳಲ್ಲಿ ಮುಖ್ಯವಾದದ್ದು ಅನುವಾದ. ಮೈದುನ ‘ನೋಡೋಣ’ ಎಂದು ಚುಟುಕಾಗಿ ಮುಗಿಸಿದರೆ ಆಗುವುದಿಲ್ಲ ಎಂದರ್ಥ. ‘ನೋಡೋಣಾ’ ಎಂದು ಎಳೆದರೆ ಆದೀತು. ಮೇಲಿನ ಫ್ಯಾನು ನೋಡುತ್ತ ಅಂದರೆ ಕೇಳಿದ್ದು ಕಿವಿಗೇ ಬಿದ್ದಿಲ್ಲ. ಈ ಸೂಕ್ಷ್ಮಗಳನ್ನೆಲ್ಲ ಅವರು ಕೆಳ ಅಂತಸ್ತಿನ ಕೆಲಸಗಾರರಿಗೆ ಬಿಡಿಸಿ ಹೇಳಿ ಕಾರ್ಖಾನೆ ನಡೆಸುತ್ತಿದ್ದರು.

“ಮೂರನೇದು ಬೇಡ ಕಣಮ್ಮ,” ಎಂದರು ಅತ್ತಿಗೆ. “ಸಂಜೆ ಬಾಗಿಲು ಹಾಕೋವರೆಗೂ ಇವನು ತುಟಿ ಪಿಟಕ್ಕನ್ನದಿದ್ರೆ, ಹೌದು ಅಂತ ತಿಳ್ಕೊಳ್ಳೋಕೆ ಹೇಳು ಅದಕ್ಕೆ. ನಾನೂ ಹಾಗೇ ನಡೆಸ್ಕೊಂಡು ಬಂದಿರೋದು.”

ಯಜಮಾನನಿಗೆ ಇದು ಹೊಸ ಸುದ್ದಿ. “ಹಾಗಾದ್ರೆ ಕೆಳಗಡೆ ಹೊಸ ಫ್ಯಾನು ಹಾಕಿಸಿದ್ದು ನಾನಲ್ವಾ?”

“ನೀನೇ ಹಾಕಿಸಿದ್ದು. ನಿನಗೆ ಗೊತ್ತಿರಲಿಲ್ಲ ಅಷ್ಟೆ.”

ಹುಡುಗಿ ಹಾಗೇ ಮಾಡಿಕೊಟ್ಟು ಹೋದಳು. ತಿಂಗಳು ತುಂಬುವುದರೊಳಗೆ ಕಂಪ್ಯೂಟರು ಪಳಗಿತು. ಬಿಲ್ಲುಗಳು ತಮ್ಮಷ್ಟಕ್ಕೆ ಹೊರಟವು, ಅಂಟು ಮುಗಿಯುವ ಮುಂಚೆಯೇ ಬಂದು ಬಿತ್ತು, ಕಾಗದದ ರಾಶಿ ಕರಗಿ ಅತ್ತಿಗೆಯ ಮೇಜು ಕಾಣಿಸತೊಡಗಿತು. ಆಗ ಒಂದು ಬೆಳಿಗ್ಗೆ ಯಜಮಾನನ ಮೊಬೈಲು ಟಿಂಗೆಂದಿತು. ‘ಮಾನ್ಯರೇ, ಆಫೀಸು ವಿಭಾಗದಿಂದ ಒಂದು ಕೋರಿಕೆ ಬಂದಿದೆ: ಶನಿವಾರದಿಂದ ಕೆಲಸದಿಂದ ಬಿಡುಗಡೆ.’ ಆಫೀಸು ವಿಭಾಗ ಅವನೆದುರಿಗೇ ಕೂತು ಕನ್ನಡಕ ಒರೆಸಿಕೊಳ್ಳುತ್ತಿತ್ತು.

“ಇದೇನು ಅತ್ತಿಗೆ?”

“ಓದೋಕೆ ಬರಲ್ವಾ? ನಿಮ್ಮಣ್ಣ ರಿಟೈರಾದಾಗಿಂದ ಮನೇಲಿ ಕೂತು ರೈಲಿನ ವೇಳಾಪಟ್ಟಿ ಬಾಯಿಪಾಠ ಮಾಡ್ತಿದಾರೆ. ಮೊಣಕಾಲು ಮಾತು ಕೇಳೋವಾಗಲೇ ಇಬ್ಬರೂ ಊರೂರು ಸುತ್ತಿಬಿಡೋಣ ಅಂತ. ಟಿಕೆಟ್ ತೆಗೆಸಿದಾಗಲೆಲ್ಲ ನಿನ್ನ ಕೇಳ್ತೀನಿ. ನೀನು ನೋಡೋಣ ಅಂತೀಯ. ಅವರು ಹೋಗಿ ರದ್ದು ಮಾಡಿಸ್ತಾರೆ.”

“ಎಲ್ಲರದ್ದಕ್ಕೂ ನೀವೇ ಹೌದು ಅಂದ್ಕೊಂಡು ಮಾಡ್ತಿದ್ರಲ್ಲ!”

“ಮಿಕ್ಕವರದ್ದಕ್ಕೆ ಅಂದ್ಕೊಂಡೆ. ನನ್ನದಕ್ಕೆ ಹಾಗೆ ಅಂದ್ಕೊಳ್ಳೋಕೆ ಮನಸ್ಸು ಒಪ್ಪಲಿಲ್ಲಪ್ಪ.”

“ಆಯ್ತು, ನೋಡೋ...” ಎಂದು ಬಾಯಿ ತೆರೆದವನು, ಪರದೆಯ ಮೇಲಿನ ಎರಡು ಗುಂಡಿಗಳನ್ನು ಕಂಡು ಮುಚ್ಚಿಕೊಂಡ.

ಅಂದು ಅವನಿಗೆ ಕೆಳಗಡೆ ಎಲ್ಲಿಲ್ಲದ ಕೆಲಸ ಹುಟ್ಟಿತು. ಚೆನ್ನಾಗಿಯೇ ಓಡುತ್ತಿದ್ದ ಕತ್ತರಿ ಯಂತ್ರದ ಮುಂದೆ ನಿಂತು ತಲೆ ಕೆರೆದುಕೊಂಡ. ಮಡಿಸಿಟ್ಟ ಪೆಟ್ಟಿಗೆಯನ್ನು ಬಿಡಿಸಿ, ಬಿಡಿಸಿದ್ದನ್ನು ಮಡಿಸಿದ. ಡ್ರೈವರು “ಏನಾದ್ರೂ ಹೇಳೋದಿತ್ತಾ ಧಣಿ?” ಎಂದು ಕೇಳಿದ್ದಕ್ಕೆ “ಏನಿಲ್ಲ, ಹೋಗು” ಎಂದ. ಮೊಬೈಲನ್ನು ಒಂದು ಸಲ ಖಾನೆಯೊಳಗಿಟ್ಟು ಬೀಗ ಹಾಕಿದ. ಅರೆಗಳಿಗೆಯಲ್ಲಿ ತಾನೇ ಹೋಗಿ ತೆಗೆದ. ಸಂಜೆ ಕೆಳಗೆ ದೀಪಗಳು ಒಂದೊಂದಾಗಿ ಆರತೊಡಗಿದಾಗ ಮೆಟ್ಟಿಲು ಹತ್ತಿ ಬಂದು ಅತ್ತಿಗೆಯ ಮುಂದೆ ಕೂತ.

“ಇಲ್ಲ ಅಂತ ಒತ್ತಿಬಿಡ್ಲಾ?”

“ಒತ್ತು. ಇಲ್ಲ ಅಂದ್ರೆ ಇಲ್ಲ. ನಿಮ್ಮಣ್ಣನಿಗೂ ಹಾಗೇ ಹೇಳ್ತೀನಿ. ಅಂತೂ ಒಂದು ಉತ್ತರ ಬಂತಲ್ಲ ಅಂತ ಟಿಕೆಟ್ ಹರಿದು ಹಾಕಿ ಊಟ ಮಾಡ್ತಾರೆ.”

ಹೆಬ್ಬೆರಳು ಗುಂಡಿಯ ಮೇಲೆ ತೂಗಾಡಿತು. ಇಳಿಯಲಿಲ್ಲ.

“ಕೆಲಸವೆಲ್ಲ ಅದೇ ಮಾಡ್ಕೊಳ್ತಿದೆ,” ಎಂದರು ಅತ್ತಿಗೆ, ಕಂಪ್ಯೂಟರಿನತ್ತ ಗದ್ದ ಚಾಚಿ. “ನಾನು ಸುಮ್ನೆ ಕುರ್ಚಿ ಬೆಚ್ಚಗೆ ಮಾಡ್ತಾ ಕೂತಿದೀನಿ. ಮತ್ತೆ ನಿನ್ನ ಅಡ್ಡಿ ಏನು?”

ಯಜಮಾನ ಕಿಟಕಿಯಾಚೆ ನೋಡಿದ. ಕೆಲಸಗಾರರು ಕೆಳಗಿನಿಂದಲೇ “ಬರ್ತೀವಿ ಸರ್” ಎಂದು ಕೈಯೆತ್ತಿ ಹೊರಟರು. ಅವನೂ ಕೈಯೆತ್ತಿದ. ಆಮೇಲೆ, ಅವರು ಗೇಟು ದಾಟಿದ್ದನ್ನು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಹೇಳಿದ:

“ನೀವು ಹೋದ್ರೆ ಇಲ್ಲಿ ನನ್ನ ‘ನೀನು’ ಅನ್ನೋರು ಯಾರಿದಾರೆ ಅತ್ತಿಗೆ?”

ಅತ್ತಿಗೆ ಅವನನ್ನೇ ನೋಡುತ್ತ ಕೂತರು. ಅನುವಾದ ಬೇಡದ ಮಾತೊಂದು ಆ ಬಾಯಿಂದ ಬಂದು ಎಷ್ಟು ಕಾಲವಾಗಿತ್ತೋ.

“ಮನೆಗೆ ಬಾರೋ,” ಎಂದರು. “ಹೊಟ್ಟೆ ತುಂಬ ‘ನೀನು’ ಅಂತೀನಿ.”

ಯಜಮಾನ ‘ಹೌದು’ ಒತ್ತಿದ. ಶನಿವಾರ ಅತ್ತಿಗೆ ರೈಲು ಹತ್ತಿದರು. ಸೋಮವಾರ ಆಫೀಸು ಎಂದಿನ ಹೊತ್ತಿಗೇ ತೆರೆಯಿತು.