ಗೋಡೆ ದಾಟಿದ ನೀಲಿ ವೈರು

ಅಟ್ಟದಿಂದ ಇಳಿದವನೇ ವಸಂತ್ ಕಟಿಂಗ್ ಪ್ಲೇಯರ್ ಹುಡುಕಿದ. ಮೈಯೆಲ್ಲ ಉರಿಯುತ್ತಿತ್ತು.

ಅಟ್ಟದ ಮೇಲೆ ಒಂದಲ್ಲ, ಎರಡು ರೂಟರ್! ಒಂದು ತಾನೇ ಹಾಕಿಸಿದ ಹಳೆಯ ಕರಿ ಪೆಟ್ಟಿಗೆ. ಇನ್ನೊಂದು ಬಿಳಿಯದು, ಹೊಚ್ಚ ಹೊಸದು, ಹಳೆ ಸೀರೆಗಳ ಗಂಟಿನ ಹಿಂದೆ ಕಳ್ಳನಂತೆ ಅಡಗಿ ಕೂತಿತ್ತು. ಅದರ ನೀಲಿ ವೈರು ಕಿಟಕಿ ದಾಟಿ, ಕಾಂಪೌಂಡ್ ಗೋಡೆ ಹಾರಿ, ಸೀದಾ ಒಡಹುಟ್ಟಿದ ತಮ್ಮ ಗುರುವಿನ ಮನೆಗೆ ನುಗ್ಗಿತ್ತು. ಹಳೆಯದರಲ್ಲಿ ಕೆಂಪು ದೀಪ, ಹೊಸದರಲ್ಲಿ ಹಸಿರು. ಮನೆಯ ನೆಟ್ಟನ್ನೆಲ್ಲ ಹೊಸದೇ ಹೀರುತ್ತಿದೆ ಎನ್ನಲು ಇನ್ಯಾವ ಸಾಕ್ಷಿ ಬೇಕು?

ಗುರುವಿಗೆ ಇದು ಹೊಸ ಕಸುಬಲ್ಲ. ನಾಲ್ಕು ವರ್ಷದ ಹಿಂದೆ ಭದ್ರಾ ನಾಲೆಯ ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಂಡು ಅಣ್ಣನ ಪೈರು ಒಣಗಿಸಿದವನು ಅವನು. ಅವತ್ತಿನಿಂದ ಮಾತಿಲ್ಲ. ಆ ಮನೆಯ ಒಂದು ಲೋಟ ನೀರನ್ನೂ ಮುಟ್ಟಕೂಡದೆಂದು ವಸಂತ್ ಹೆಂಡತಿ, ಮಗಳಿಂದ ದೇವರ ಮುಂದೆ ಆಣೆ ಮಾಡಿಸಿದ್ದ.

"ಸುಷ್ಮಾ! ಇದನ್ನ ಯಾರು ಹಾಕಿದ್ದು?"

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಬಿಳಿಚಿಕೊಂಡು ನಿಂತಳು. "ಮೆಲ್ಲಗೆ ಮಾತಾಡಿ. ಒಳಗೆ ಅನುಷಾ ಇಂಟರ್‌ವ್ಯೂ ನಡೀತಿದೆ."

"ಗೊತ್ತಿದೆ! ಅದಕ್ಕೇ ಭದ್ರಾವತಿ ಡ್ಯೂಟಿಗೆ ರಜಾ ಹಾಕಿ ಕೂತಿದೀನಿ."

ನವುಲೆಯ ಕಾಲೇಜಿನಲ್ಲಿ ಕೃಷಿ ಓದಿದ ಮಗಳಿಗೆ ಬೀಜದ ಕಂಪನಿಯೊಂದರ ಆನ್‌ಲೈನ್ ಇಂಟರ್‌ವ್ಯೂನ ಕೊನೆಯ ಸುತ್ತು ಅದು. ನಡುವೆ ಎದ್ದುಹೋದವರನ್ನು ಮತ್ತೆ ಕರೆಯುವುದಿಲ್ಲ ಎಂದು ಅವರು ಮೊದಲೇ ಬರೆದಿದ್ದರು. ಮಲವಗೊಪ್ಪದ ಈ ಮೂಲೆಯಲ್ಲಿ ಮೊಬೈಲ್ ಸಿಗ್ನಲ್ ಒಂದು ಕಡ್ಡಿಯೂ ನಿಲ್ಲುವುದಿಲ್ಲ. ಬೆಳಗ್ಗೆ ಅವಳು "ನೆಟ್ ಸ್ವಲ್ಪ ಎಳೀತಿದೆ ಅಪ್ಪ" ಎಂದದ್ದಕ್ಕೇ ಅವನು ಅಟ್ಟ ಹತ್ತಿದ್ದು.

ಆಷಾಢದಲ್ಲಂತೂ ನೆಟ್ ಪೂರ್ತಿ ಸತ್ತಿತ್ತು. ಆಗ ವಸಂತ್ ಡ್ಯೂಟಿಯಿಂದಲೇ ಫೋನ್ ಮಾಡಿ ಕಾಲು ಗಂಟೆ ನೆಟ್ ಕಂಪನಿಯವರ ಜನ್ಮ ಜಾಲಾಡಿದ್ದ. ರಿಪೇರಿಗೆ ಯಾರೂ ಬಂದದ್ದು ಕಾಣಲಿಲ್ಲ, ಆದರೆ ಮರುದಿನ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ನೆಟ್ ಬಂದಿತ್ತು. ಬೈದರೇ ಕೆಲಸ ಆಗುವುದು ಎಂದು ವಾರಗಟ್ಟಲೆ ಮೀಸೆ ತಿರುವಿದ್ದ.

"ಇವತ್ತೊಂದಿನ ಬಿಟ್ಬಿಡಿ," ಸುಷ್ಮಾ ಕೈ ಮುಗಿದಳು. "ಇಂಟರ್‌ವ್ಯೂ ಮುಗೀಲಿ, ನಾನೇ ಕಿತ್ತು ಬಿಸಾಕ್ತೀನಿ."

ಕಟ್ಟಿಕೊಂಡವಳೂ ಆ ಕಳ್ಳನ ಕಡೆ! ವಸಂತನ ಪಿತ್ತ ನೆತ್ತಿಗೇರಿತು. "ಮಗಳ ಬಾಳಿಗಿಂತ ಮೈದುನ ಹೆಚ್ಚಾದನೇನೇ ನಿನಗೆ?"

"ರೀ, ಮೊದಲು ಕೇಳಿ, ಆ ವೈರು..."

"ಮುಚ್ಚು ಬಾಯಿ!"

ಅವಳು ಕೈ ಹಿಡಿದಳು. ಕೊಡವಿಕೊಂಡು ಕಿಟಕಿಗೆ ನುಗ್ಗಿದ. ನೀಲಿ ವೈರನ್ನು ಪ್ಲೇಯರ್ ಬಾಯಿಗೆ ಕೊಟ್ಟು ಕಚಕ್ಕನೆ ಕತ್ತರಿಸಿದ. ಗೋಡೆಯಾಚೆ ಅಂಗಳದಲ್ಲಿ ಗುರು ಬೈಕ್ ಒರೆಸುತ್ತಿದ್ದ.

"ಹೀರು ಈಗ, ಎಷ್ಟು ಹೀರ್ತೀಯೋ ನೋಡ್ತೀನಿ!" ಎಂದು ಅವನ ಮುಖಕ್ಕೇ ಕೂಗಿದ. ನಾಲ್ಕು ವರ್ಷದ ಸಿಟ್ಟು ಒಂದೇ ಏಟಿಗೆ ತಣ್ಣಗಾದಂತಾಯಿತು.

ಹಿಂದಿನಿಂದ ಕೋಣೆಯ ಬಾಗಿಲು ದಢಾರನೆ ತೆರೆಯಿತು. "ಅಪ್ಪಾ!" ಅನುಷಾ ಹೊಸ್ತಿಲಿಂದಲೇ ಕೂಗಿದಳು. "ನೆಟ್ ಹೋಯ್ತು!"

ತುಂಡಾಗಿ ಜೋತಾಡುತ್ತಿದ್ದ ವೈರನ್ನು ನೋಡಿದ ಗುರು, ಕೈಯಲ್ಲಿದ್ದ ಬಟ್ಟೆ ಎಸೆದು ಗೋಡೆಯ ಬಳಿ ಓಡಿಬಂದ. "ಪುಟ್ಟೀ, ಲ್ಯಾಪ್‌ಟಾಪ್ ಎತ್ಕೊಂಡು ಬೇಗ ಓಡ್ಬಾ! ನಿಮ್ಮಪ್ಪ ಕತ್ತರಿಸಿದ್ದು ವೈರು ಮಾತ್ರ, ನಮ್ಮನೇಲಿ ನೆಟ್ ಹಾಗೇ ಇದೆ."